ಫೋನ್ ರಿಂಗಾದರೆ ಸಾಲದು: 5ಜಿ ಟೆಸ್ಟ್‌ಬೆಡ್‌ನಲ್ಲಿ ನಿಜಕ್ಕೂ ಪರೀಕ್ಷೆಯಾಗುವುದೇನು

2021ರ ಅಕ್ಟೋಬರ್ 10ರಂದು ಆಗಿನ ದೂರಸಂಪರ್ಕ ಸಚಿವ ಅಶ್ವಿನಿ ವೈಷ್ಣವ್ ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಿಂದ ಮೊದಲ ಕರೆ ಮಾಡಿದರು. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ತೊಂಬತ್ತು ಸಾವಿರಕ್ಕೂ ಹೆಚ್ಚು ತಾಣಗಳೊಂದಿಗೆ ಅಧಿಕೃತವಾಗಿ ಉದ್ಘಾಟನೆಯಾದದ್ದು 2025ರ ಸೆಪ್ಟೆಂಬರ್ 27ರಂದು. ಇಂದು ಓಡುತ್ತಿರುವ ಆ ಜಾಲದಲ್ಲಿ ರೇಡಿಯೊ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು, ಜಾಲದ ಕೇಂದ್ರಭಾಗವಾದ ಕೋರ್ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನದು, ಎಲ್ಲವನ್ನೂ ಹೊಂದಿಸಿ ಓಡಿಸುವ ಹೊಣೆ ಟಿಸಿಎಸ್‌ನದು. ಮೊದಲ ಕರೆಗೂ ಉದ್ಘಾಟನೆಗೂ ನಡುವೆ ಹತ್ತಿರ ಹತ್ತಿರ ನಾಲ್ಕು ವರ್ಷ.

5ಜಿಗೂ ಇಂಥದ್ದೇ ಒಂದು ಮೊದಲ ಕರೆ ಇದೆ. 2022ರ ಮೇ 17ರಂದು ಪ್ರಧಾನಿ ಸ್ವದೇಶಿ 5ಜಿ ಟೆಸ್ಟ್‌ಬೆಡ್ಡನ್ನು, ಅಂದರೆ ಉಪಕರಣಗಳ ಪರೀಕ್ಷೆಗೆಂದೇ ಕಟ್ಟಿದ ಜಾಲವನ್ನು, ಉದ್ಘಾಟಿಸಿದರು. ಎರಡು ದಿನ ಬಿಟ್ಟು ಅದೇ ಸಚಿವರು ಐಐಟಿ ಮದ್ರಾಸಿನಲ್ಲಿ 5ಜಿ ಧ್ವನಿ ಮತ್ತು ವಿಡಿಯೊ ಕರೆ ಮಾಡಿ ತೋರಿಸಿದರು. ಟಿವಿಯಲ್ಲಿ ಬಂದದ್ದು ಅಷ್ಟೇ. ಆದರೆ ವೈರ್‌ಲೆಸ್ ಉಪಕರಣ ಮಾಡುವವರ ಪಾಲಿಗೆ ಕರೆ ಎನ್ನುವುದು ಇರುವುದರಲ್ಲೇ ಅತಿ ಸುಲಭದ ಪರೀಕ್ಷೆ. ಉತ್ಪನ್ನವನ್ನು ಮಾರುಕಟ್ಟೆಯಲ್ಲಿ ಮುಳುಗಿಸುವ ದೋಷಗಳಲ್ಲಿ ಬಹುಪಾಲು ಕರೆಯ ಹೊತ್ತಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಟೆಸ್ಟ್‌ಬೆಡ್ ಬೇಕಾಗುವುದು ಆ ಅಡಗಿದ ದೋಷಗಳನ್ನು ಹೊರಗೆಳೆಯುವುದಕ್ಕೆ, ಮತ್ತು ಇವತ್ತು ಬಂದ ಅಳತೆ ಮುಂದಿನ ತಿಂಗಳೂ ಅಷ್ಟೇ ಬರುವಂತೆ ನೋಡಿಕೊಳ್ಳುವುದಕ್ಕೆ.

ತರಮಣಿಯಲ್ಲಿ ಇರುವುದೇನು

ಐಐಟಿ ಮದ್ರಾಸ್ ರಿಸರ್ಚ್ ಪಾರ್ಕ್ ಚೆನ್ನೈನ ತರಮಣಿಯಲ್ಲಿದೆ. 2010ರಲ್ಲಿ ಬಾಗಿಲು ತೆರೆದ ಇದು ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡಂತೆ ಕಟ್ಟಿದ ದೇಶದ ಮೊದಲ ಸಂಶೋಧನಾ ಪಾರ್ಕ್. ಇಲ್ಲಿ ಜಾಗ ಹಿಡಿದ ಕಂಪನಿ ಬಾಡಿಗೆ ಕಟ್ಟಿ ಸುಮ್ಮನಿರುವಂತಿಲ್ಲ. ಐಐಟಿಯ ಅಧ್ಯಾಪಕರ ಜೊತೆ ಯೋಜನೆ, ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಇತ್ಯಾದಿಗಳಿಂದ ಸಂಶೋಧನಾ ಕ್ರೆಡಿಟ್ ಗಳಿಸಬೇಕು. ವೈರ್‌ಲೆಸ್ ಕೆಲಸಕ್ಕೆ ಇಲ್ಲಿರುವ ಮುಖ್ಯ ಸಂಸ್ಥೆ ಸೆಂಟರ್ ಆಫ್ ಎಕ್ಸಲೆನ್ಸ್ ಇನ್ ವೈರ್‌ಲೆಸ್ ಟೆಕ್ನಾಲಜಿ, ಚಿಕ್ಕದಾಗಿ ಸಿವಿಟ್.

ಟೆಸ್ಟ್‌ಬೆಡ್‌ಗೆ ದೂರಸಂಪರ್ಕ ಇಲಾಖೆ 2018ರ ಮಾರ್ಚ್‌ನಲ್ಲಿ ಮಂಜೂರು ಮಾಡಿದ್ದು ಸುಮಾರು 224 ಕೋಟಿ ರೂಪಾಯಿ. ಕಟ್ಟಿದ್ದು ಎಂಟು ಸಂಸ್ಥೆಗಳು: ಮದ್ರಾಸ್, ದೆಹಲಿ, ಹೈದರಾಬಾದ್, ಬಾಂಬೆ, ಕಾನ್ಪುರ ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಸರ್ಕಾರಿ ಮೈಕ್ರೊವೇವ್ ಸಂಶೋಧನಾ ಸಂಸ್ಥೆ ಸಮೀರ್ ಮತ್ತು ಸಿವಿಟ್. ಪರೀಕ್ಷೆಗೆ ತೆರೆದಿಟ್ಟದ್ದು ಐದು ಕಡೆ. ಈ ತುದಿಯಿಂದ ಆ ತುದಿಯವರೆಗಿನ ಪೂರ್ಣ ಜಾಲ ಇರುವುದು ಚೆನ್ನೈನಲ್ಲಿ. ಬೇಸ್‌ಬ್ಯಾಂಡ್ ಪರೀಕ್ಷೆ ಕಾನ್ಪುರದಲ್ಲಿ, ಬೇಸ್ ಸ್ಟೇಷನ್ ಮತ್ತು ಬೇರೆ ಬೇರೆ ಕಂಪನಿಗಳ ಉಪಕರಣಗಳ ಹೊಂದಾಣಿಕೆ ಹೈದರಾಬಾದಿನಲ್ಲಿ, ಕಡಿಮೆ ವೇಗದ ಐಒಟಿ (ಯಂತ್ರ, ಮೀಟರುಗಳ ಇಂಟರ್ನೆಟ್ ಜೋಡಣೆ) ಹಾಗೂ ಬೆಳಕಿನ ಮೂಲಕ ದತ್ತಾಂಶ ಕಳಿಸುವ ತಂತ್ರ ದೆಹಲಿಯಲ್ಲಿ. ನಮ್ಮ ವಿಜ್ಞಾನ ಸಂಸ್ಥೆಯ ಪಾಲಿಗೆ ಬಂದದ್ದು ವಾಹನಗಳ ನಡುವಿನ ಸಂವಹನ ಮತ್ತು ಓಪನ್ ಸೋರ್ಸ್ 5ಜಿ. ಬೆಂಗಳೂರಿನ ರೇಡಿಯೊ ಕಂಪನಿಯೊಂದು ಪೂರ್ಣ ಜಾಲದ ಮೇಲೆ ತನ್ನ ಪೆಟ್ಟಿಗೆಯನ್ನು ಪರೀಕ್ಷಿಸಬೇಕೆಂದರೆ ಸುಮಾರು 350 ಕಿಲೋಮೀಟರ್ ದೂರದ ಚೆನ್ನೈಗೆ ಹೋಗಬೇಕು. ದೂರು ಹೇಳುವಂಥ ದೂರವಲ್ಲ. ಮೊದಲು ಇದೇ ಕೆಲಸಕ್ಕೆ ವಿದೇಶಕ್ಕೆ ಹೋಗಬೇಕಿತ್ತು.

ಇಂಥ ಜಾಲದಲ್ಲಿ ನಾಲ್ಕು ತುಂಡುಗಳಿರುತ್ತವೆ. ಚಂದಾದಾರರ ಗುರುತು, ಸೆಷನ್, ಇಂಟರ್ನೆಟ್ ದಾರಿ ನೋಡಿಕೊಳ್ಳುವ ಕೋರ್. ಮೇಲ್ಪದರದ ನಿಯಂತ್ರಣ ಮಾಡುವ ಸಿಯು. ಕ್ಷಣಕ್ಷಣಕ್ಕೆ ಯಾರಿಗೆ ಎಷ್ಟು ಎಂದು ಹಂಚುವ ಡಿಯು. ಆಂಟೆನಾ ಹತ್ತಿರ ಕುಳಿತ ರೇಡಿಯೊ, ಅಂದರೆ ಆರ್‌ಯು. ಕೋರ್ ಮತ್ತು ಸಿಯು ಸಾಮಾನ್ಯ ಸರ್ವರಿನಲ್ಲಿ ಓಡುವ ತಂತ್ರಾಂಶ. ಜೀವ ತಿನ್ನುವುದು ಡಿಯು ಮತ್ತು ಆರ್‌ಯು ನಡುವಿನ ಕೊಂಡಿ, ಫ್ರಂಟ್‌ಹಾಲ್.

ಲೆಕ್ಕ ಹಾಕಿ ನೋಡಿ. 100 ಮೆಗಾಹರ್ಟ್ಸ್ 5ಜಿ ಸಂಕೇತದ ಸ್ಯಾಂಪಲ್ ದರ ಸೆಕೆಂಡಿಗೆ 12.288 ಕೋಟಿ. ಒಂದೊಂದು ಸ್ಯಾಂಪಲ್‌ಗೆ ಎರಡು ಸಂಖ್ಯೆ, ಒಂದೊಂದಕ್ಕೆ 16 ಬಿಟ್. 64 ಆಂಟೆನಾ ಸರಣಿಗೆ ಇದನ್ನೆಲ್ಲ ಹಸಿಯಾಗಿ ಸಾಗಿಸಿದರೆ ಸೆಕೆಂಡಿಗೆ ಸುಮಾರು 252 ಗಿಗಾಬಿಟ್. ಯಾರೂ ಹಾಗೆ ಕಟ್ಟುವುದಿಲ್ಲ. ಬೇರೆ ಬೇರೆ ಕಂಪನಿಗಳ ಡಿಯು, ಆರ್‌ಯು ಒಟ್ಟಿಗೆ ಕೆಲಸ ಮಾಡಲೆಂದು ರೂಪಿಸಿದ ಓಪನ್ ರಾನ್ ಪದ್ಧತಿಯಲ್ಲಿ ಕೆಲಸದ ಒಂದು ಭಾಗವನ್ನು ರೇಡಿಯೊಗೇ ಒಪ್ಪಿಸಿ, ಆಂಟೆನಾಗಳ ಬದಲು ದತ್ತಾಂಶದ ಪದರಗಳನ್ನಷ್ಟೇ, ಅಂದರೆ ಒಂದೇ ಹೊತ್ತಿಗೆ ಹರಿಯುವ ಪ್ರತ್ಯೇಕ ಧಾರೆಗಳನ್ನಷ್ಟೇ, ಕಳಿಸುತ್ತಾರೆ. 16 ಬಿಟ್ಟನ್ನು 9ಕ್ಕೆ ಕುಗ್ಗಿಸಿದರೆ ಪದರವೊಂದಕ್ಕೆ 1.7 ಗಿಗಾಬಿಟ್ ಆಸುಪಾಸು. 8 ಪದರಕ್ಕೆ 14 ಗಿಗಾಬಿಟ್ ಒಳಗೇ ಆಯಿತು, 25 ಗಿಗಾಬಿಟ್‌ನ ಒಂದು ಫೈಬರ್ ಕೊಂಡಿ ಸಾಕು. 16 ಪದರಕ್ಕೆ 27 ಗಿಗಾಬಿಟ್ ದಾಟುತ್ತದೆ, ಅದೇ ಕೊಂಡಿ ಸಾಲದು. ಡೇಟಾಶೀಟಿನಲ್ಲಿ '16 ಪದರ' ಎಂದು ಬರೆದು ಪೆಟ್ಟಿಗೆಗೆ ಒಂದೇ 25 ಗಿಗಾಬಿಟ್ ಪೋರ್ಟ್ ಇಟ್ಟಿದ್ದರೆ, ಪೂರ್ತಿ ಹೊರೆ ಹಾಕಿದ ದಿನ ಪ್ಯಾಕೆಟ್ಟುಗಳು ಉದುರುತ್ತವೆ. ಒಬ್ಬನೇ ಬಳಕೆದಾರನ ಕರೆಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ಗಡಿಯಾರದ ಕಾಟ

ಇಂಥ ಲ್ಯಾಬಿನಲ್ಲಿ ಹೊಸಬರಿಗೆ ಹೆಚ್ಚು ದಿನ ಹಾಳಾಗುವುದು ರೇಡಿಯೊದಿಂದಲ್ಲ, ಸಮಯದಿಂದ. ಭಾರತದಲ್ಲಿ 5ಜಿ ಹೆಚ್ಚಾಗಿ ನಡೆಯುವ 3.3ರಿಂದ 3.67 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಳಿಸುವುದೂ ಪಡೆಯುವುದೂ ಒಂದೇ ಆವರ್ತನದಲ್ಲಿ, ಸರದಿಯ ಮೇಲೆ. ಅಕ್ಕಪಕ್ಕದ ಎರಡು ಟವರುಗಳ ಸರದಿ ಒಂದೇ ಕ್ಷಣಕ್ಕೆ ಬದಲಾಗಬೇಕು. ಇಲ್ಲದಿದ್ದರೆ ಒಂದು ಟವರು ಫೋನಿನ ಕ್ಷೀಣ ಸಂಕೇತಕ್ಕೆ ಕಿವಿಗೊಟ್ಟಿರುವಾಗ ಪಕ್ಕದ್ದು ಪೂರ್ತಿ ಶಕ್ತಿಯಲ್ಲಿ ಕೂಗುತ್ತಿರುತ್ತದೆ. ನಿಯಮ ಕೊಡುವ ಸಡಿಲ ಎರಡು ಸೆಲ್‌ಗಳ (ಒಂದು ರೇಡಿಯೊ ಆವರಿಸುವ ಪ್ರದೇಶವೇ ಸೆಲ್) ನಡುವೆ 3 ಮೈಕ್ರೊಸೆಕೆಂಡ್. ಅಂದರೆ ಒಂದೊಂದು ಸೆಲ್ ನಿಜ ಸಮಯದಿಂದ ಹಿಂದೆಯೋ ಮುಂದೆಯೋ ಒಂದೂವರೆ ಮೈಕ್ರೊಸೆಕೆಂಡಿನೊಳಗೆ ಇರಬೇಕು.

1500 ನ್ಯಾನೊಸೆಕೆಂಡ್ ಕೇಳಲು ಧಾರಾಳ, ಖರ್ಚಾಗುವುದು ಮಾತ್ರ ಬೇಗ. ಚಾವಣಿಯ ಜಿಪಿಎಸ್ ಆಂಟೆನಾದಿಂದ ಲ್ಯಾಬಿಗೆ 60 ಮೀಟರ್ ಕೇಬಲ್ ಎಳೆದಿದ್ದರೆ, ಮೀಟರಿಗೆ 4ರಿಂದ 5 ನ್ಯಾನೊಸೆಕೆಂಡಿನಂತೆ 240ರಿಂದ 300 ಅಲ್ಲೇ ಹೋಯಿತು. ಅದನ್ನು ಇಡೀ ಜಾಲಕ್ಕೆ ಸಮಯ ಕೊಡುವ ಗ್ರ್ಯಾಂಡ್‌ಮಾಸ್ಟರ್ ಗಡಿಯಾರದಲ್ಲಿ ಕೇಬಲ್ ವಿಳಂಬ ಎಂದು ನಮೂದಿಸಲೇಬೇಕು. ಅಲ್ಲಿಂದ ಮುಂದೆ ಗಡಿಯಾರಗಳನ್ನು ಹೊಂದಿಸುವ ಪಿಟಿಪಿ ಸಂದೇಶಗಳು ಫೈಬರಿನಲ್ಲಿ ಹೋಗಿ ಬರುತ್ತವೆ. ಹೋಗುವ ದಾರಿಯೂ ಬರುವ ದಾರಿಯೂ ಸಮಾನ ಉದ್ದ ಎಂದು ಪಿಟಿಪಿ ನಂಬಿಕೊಂಡಿರುತ್ತದೆ. ರ‍್ಯಾಕ್ ಬದಲಿಸುವಾಗ ಯಾರೋ ಒಂದು ಎಳೆಗೆ ಮಾತ್ರ 100 ಮೀಟರ್ ಹೆಚ್ಚುವರಿ ಪ್ಯಾಚ್ ಕಾರ್ಡ್ ಹಾಕಿದರೆ, ವ್ಯತ್ಯಾಸ 500 ನ್ಯಾನೊಸೆಕೆಂಡ್. ತಪ್ಪು ಅದರ ಅರ್ಧ, 250. ಯಾವ ಪರದೆಯೂ ಇದನ್ನು ಹೇಳುವುದಿಲ್ಲ. ಎಲ್ಲ ದೀಪವೂ ಹಸಿರಾಗಿಯೇ ಉರಿಯುತ್ತಿರುತ್ತದೆ.

ಇನ್ನೊಂದು ವಿಚಿತ್ರ ತೊಡಕು ಪೂರ್ಣ ಸೆಕೆಂಡುಗಳದ್ದು. ಪಿಟಿಪಿ ನಡೆಯುವುದು ಅಂತರರಾಷ್ಟ್ರೀಯ ಪರಮಾಣು ಸಮಯದಲ್ಲಿ. ಅದು ನಮ್ಮ ಗಡಿಯಾರಗಳಿಗೆ ಆಧಾರವಾದ ವಿಶ್ವ ಸಮಯ ಯುಟಿಸಿಗಿಂತ 37 ಸೆಕೆಂಡ್ ಮುಂದೆ, ಜಿಪಿಎಸ್ ಸಮಯಕ್ಕಿಂತ 19 ಸೆಕೆಂಡ್ ಮುಂದೆ. ಓಪನ್ ರಾನ್‌ನಲ್ಲಿ ರೇಡಿಯೊ ಫ್ರೇಮಿನ ಸಂಖ್ಯೆ ಹುಟ್ಟುವುದು ಜಿಪಿಎಸ್ ಸಮಯದಿಂದ. ಡಿಯು ಸರ್ವರಿನಲ್ಲಿ ಯುಟಿಸಿ ಅಂತರದ ಮೌಲ್ಯವನ್ನು ತಪ್ಪಾಗಿ ಸೊನ್ನೆ ಎಂದು ಬಿಟ್ಟಿದ್ದರೆ ಡಿಯು ಮತ್ತು ಆರ್‌ಯು ಎರಡೂ 'ಗಡಿಯಾರ ಸರಿಯಿದೆ' ಎನ್ನುತ್ತವೆ, ನ್ಯಾನೊಸೆಕೆಂಡಿನ ಲೆಕ್ಕವೂ ಚೆನ್ನಾಗಿಯೇ ಇರುತ್ತದೆ, ಆದರೆ ಫ್ರೇಮ್ ಸಂಖ್ಯೆಗಳು ಬೇರೆ ಬೇರೆ. ಆರ್‌ಯು ಬಂದ ಪ್ಯಾಕೆಟ್ಟುಗಳನ್ನೆಲ್ಲ 'ಬೇಗ ಬಂತು' ಅಥವಾ 'ತಡವಾಗಿ ಬಂತು' ಎಂದು ಎಸೆಯುತ್ತದೆ. ಹಾಗಾಗಿ ಸೆಲ್ ಮೇಲೇಳದಿದ್ದರೆ ಮೊದಲು ನೋಡಬೇಕಾದ್ದು ಆರ್‌ಯುವಿನ ಆ ಎರಡು ಕೌಂಟರುಗಳನ್ನು. ಎರಡರಲ್ಲಿ ಒಂದು ಸೆಕೆಂಡಿಗೆ ಸಾವಿರಗಟ್ಟಲೆ ಏರುತ್ತಿದ್ದರೆ ಆಂಟೆನಾ, ಕೇಬಲ್ ಮುಟ್ಟುವುದೇ ಬೇಡ. ಸಮಯದ ಸೆಟ್ಟಿಂಗಿಗೆ ಹೋಗಿ.

ಒಂದೇ ಸೆಲ್ ಇಟ್ಟುಕೊಂಡು ಪ್ರದರ್ಶನ ಮಾಡುವವರಿಗೆ ಸೂಕ್ಷ್ಮ ಸಮಯ ದೋಷ ಗೊತ್ತಾಗುವುದೇ ಇಲ್ಲ. ಫೋನ್ ಆ ಒಂದು ಸೆಲ್ಲಿನ ಗಡಿಯಾರವನ್ನೇ ಹಿಂಬಾಲಿಸುತ್ತದೆ, ಅದು ನಿಜ ಸಮಯದಿಂದ 10 ಮೈಕ್ರೊಸೆಕೆಂಡ್ ಆಚೆ ಇದ್ದರೂ ಕರೆ ಸಲೀಸಾಗಿ ಹೋಗುತ್ತದೆ. ಎರಡನೇ ಸೆಲ್ ಹಚ್ಚಿ, ಎರಡರ ಗಡಿಯಲ್ಲಿ ಫೋನಿಟ್ಟು ಅಪ್‌ಲೋಡ್ ಓಡಿಸಿದಾಗ ಬಣ್ಣ ಬಯಲಾಗುತ್ತದೆ. ಟೆಸ್ಟ್‌ಬೆಡ್‌ನಲ್ಲಿ ಸಮಯ ಕಾದಿರಿಸುವಾಗ ಎರಡು ಸೆಲ್ ಕೇಳಿ ಪಡೆಯುವುದು ಜಾಣತನ. ಜೊತೆಗೆ ಜಿಪಿಎಸ್ ತಂತಿಯನ್ನು ಬೇಕಂತಲೇ ಕಳಚಿ, ಒಳಗಿನ ಆಂದೋಲಕದ ಬಲದಿಂದಷ್ಟೇ ಎಷ್ಟು ಹೊತ್ತು ಒಂದೂವರೆ ಮೈಕ್ರೊಸೆಕೆಂಡಿನೊಳಗೆ ನಿಲ್ಲುತ್ತದೆ ಎಂದು ಅಳೆಯಬೇಕು. ಲ್ಯಾಬಿನ ಎಸಿಯಲ್ಲಿ ಬಂದ ಉತ್ತರವನ್ನು ನಂಬಬೇಡಿ. ಬಿಸಿಲಿನಲ್ಲಿ ಕಾದ ಟವರಿನ ಪೆಟ್ಟಿಗೆಯಲ್ಲಿ ಅದೇ ಆಂದೋಲಕ ಬೇರೆ ರೀತಿ ವರ್ತಿಸುತ್ತದೆ. ತಾಪಮಾನ ಏರಿಳಿಸುವ ಕೋಣೆಯಲ್ಲಿಟ್ಟು ಇದನ್ನೇ ಮತ್ತೊಮ್ಮೆ ಮಾಡಬೇಕು.

ತೊಂಬತ್ತೆರಡು ಡೆಸಿಬಲ್, ಬಾಯ್ಬಿಟ್ಟ ನಾಲ್ಕು ಪೋರ್ಟ್

ಗಾಳಿಯಲ್ಲಿ ಮಾಡಿದ ಪರೀಕ್ಷೆ ಎರಡು ಸಲ ಒಂದೇ ಉತ್ತರ ಕೊಡುವುದಿಲ್ಲ. ಯಾರೋ ಬಾಗಿಲು ತೆರೆದರೂ ಅಳತೆ ಬದಲು. ಅದಕ್ಕೇ ಮೊದಲ ಸುತ್ತಿನ ಪರೀಕ್ಷೆಯೆಲ್ಲ ಕೇಬಲ್ಲಿನಲ್ಲಿ. ರೇಡಿಯೊ ಒಂದು ತುದಿ, ಲೋಹದ ಶೀಲ್ಡ್ ಪೆಟ್ಟಿಗೆಯೊಳಗೆ ಫೋನ್ ಇನ್ನೊಂದು ತುದಿ, ನಡುವೆ ಸಂಕೇತದ ಶಕ್ತಿ ತಗ್ಗಿಸುವ ಅಟೆನ್ಯುಯೇಟರುಗಳು ಮತ್ತು ಚಾನೆಲ್ ಎಮ್ಯುಲೇಟರ್. ನಗರದ ಪ್ರತಿಧ್ವನಿ, ಓಡುವ ಕಾರಿನ ವೇಗ, ಸಂಕೇತದ ಕುಸಿತ ಎಲ್ಲವನ್ನೂ ಎಮ್ಯುಲೇಟರ್ ಗಣಿತದಿಂದ ಹುಟ್ಟಿಸುತ್ತದೆ, ಮತ್ತು ಬೇಕೆಂದಾಗ ಅದನ್ನೇ ಮತ್ತೆ ಹುಟ್ಟಿಸುತ್ತದೆ.

8 ಪೋರ್ಟಿನ ರೇಡಿಯೊ ಒಂದನ್ನು ತೆಗೆದುಕೊಳ್ಳೋಣ, ಪೋರ್ಟಿಗೆ 5 ವ್ಯಾಟ್. ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬಲ್ ಲೆಕ್ಕದಲ್ಲಿ ಅದು 37 ಡಿಬಿಎಂ. ಫೋನಿಗೆ ತಲುಪಬೇಕಾದ್ದು ಮೈನಸ್ 55 ಡಿಬಿಎಂ ಎಂದಿಟ್ಟುಕೊಂಡರೆ ನಡುವೆ 92 ಡೆಸಿಬಲ್ (ಡಿಬಿ) ಕಳೆಯಬೇಕು. ಎಮ್ಯುಲೇಟರಿನ ಒಳಹರಿವು 5 ವ್ಯಾಟ್ ತಡೆಯುವುದಿಲ್ಲ, ಆದ್ದರಿಂದ ರೇಡಿಯೊದ ಬಾಯಿಗೆ ಮೊದಲು 30 ಡಿಬಿಯ ಶಕ್ತಿಶಾಲಿ ಅಟೆನ್ಯುಯೇಟರ್. 5ಜಿ ಅಲೆಯ ಶಿಖರ ಸರಾಸರಿಗಿಂತ 10 ಡಿಬಿಯಷ್ಟು ಮೇಲಿರಬಲ್ಲದು, ಅಂದರೆ ಕ್ಷಣಕಾಲ 50 ವ್ಯಾಟ್. '5 ವ್ಯಾಟ್' ಎಂದು ಬರೆದದ್ದನ್ನು ತಂದು ಹಾಕಿದರೆ ಸುಡುತ್ತದೆ, ಅಥವಾ ಅದಕ್ಕಿಂತ ಕೆಟ್ಟದಾಗಿ, ಬಿಸಿಯಾಗಿ ನಿಧಾನಕ್ಕೆ ಮೌಲ್ಯ ಬದಲಿಸುತ್ತ ಹೋಗುತ್ತದೆ. ಸರಾಸರಿ 20 ವ್ಯಾಟಿನದನ್ನು ಹಾಕಿ, ಶಿಖರದ ಮಿತಿಯನ್ನೂ ಡೇಟಾಶೀಟಿನಲ್ಲಿ ನೋಡಿಕೊಳ್ಳಿ.

ಈಗ ತಪ್ಪಾಗುವ ಜಾಗ. 8ರಲ್ಲಿ 4 ಪೋರ್ಟ್ ಮಾತ್ರ ಜೋಡಿಸಿ ಉಳಿದ ನಾಲ್ಕನ್ನು ಹಾಗೇ ಬಿಟ್ಟಿದ್ದಾರೆ ಎಂದುಕೊಳ್ಳಿ. ತೆರೆದ ಪೋರ್ಟ್ ಒಳ್ಳೆಯ ಆಂಟೆನಾ ಅಲ್ಲ, ಆದರೂ ಸೋರುತ್ತದೆ. ಅಲ್ಲಿ 20 ಡಿಬಿ ನಷ್ಟ. ಪಕ್ಕದ ಮೇಜಿಗೆ 2 ಮೀಟರ್, 3.5 ಗಿಗಾಹರ್ಟ್ಸ್‌ನಲ್ಲಿ ಗಾಳಿಯ ನಷ್ಟ 49 ಡಿಬಿ. ಶೀಲ್ಡ್ ಪೆಟ್ಟಿಗೆ ಬಾಗಿಲು ಸರಿಯಾಗಿ ಮುಚ್ಚಿದ್ದರೆ 80 ಡಿಬಿ ತಡೆಯಬಲ್ಲದು. ಆದರೆ ಫೋನಿನಿಂದ ಲಾಗ್ ತೆಗೆಯಲು ಸಾಮಾನ್ಯ ಯುಎಸ್‌ಬಿ ತಂತಿಯನ್ನು ತೂತಿನಿಂದ ತೂರಿಸಿದರೆ ಆ ತಂತಿಯೇ ಆಂಟೆನಾ ಆಗಿ ತಡೆ 30 ಡಿಬಿಗೆ ಇಳಿಯಬಹುದು. ಒಟ್ಟು ಸೋರಿಕೆ ದಾರಿ: 20, 49, 30 ಸೇರಿ 99 ಡಿಬಿ. ಕೇಬಲ್ ದಾರಿಯ 92ಕ್ಕೂ ಇದಕ್ಕೂ ಅಂತರ ಬರೀ 7.

ಸ್ಥಿರ ಪರೀಕ್ಷೆಯಲ್ಲಿ ಯಾರೂ ಇದನ್ನು ಗಮನಿಸುವುದಿಲ್ಲ. ಎಮ್ಯುಲೇಟರ್ 25 ಡಿಬಿಯ ಆಳವಾದ ಕುಸಿತ ಹುಟ್ಟಿಸಿದಾಗ ಕೇಬಲ್ ದಾರಿ 117ಕ್ಕೆ ಇಳಿಯುತ್ತದೆ, ಸೋರಿಕೆ ಮಾತ್ರ 99ರಲ್ಲೇ ನಿಂತಿರುತ್ತದೆ. ಫೋನು ಸೋರಿಕೆಯನ್ನೇ ಹಿಡಿದುಕೊಂಡು ಸುಖವಾಗಿ ದತ್ತಾಂಶ ಪಡೆಯುತ್ತದೆ. ವರದಿಯಲ್ಲಿ 'ಆಳವಾದ ಫೇಡಿಂಗ್‌ನಲ್ಲೂ ಅತ್ಯುತ್ತಮ ಸಾಧನೆ' ಎಂದು ಬರೆಯುತ್ತಾರೆ. ಅದೇ ಪೆಟ್ಟಿಗೆ ಟವರ್ ಹತ್ತಿದ ಮೇಲೆ ಹೈವೇಯಲ್ಲಿ ಕರೆ ತುಂಡಾಗುತ್ತದೆ.

ಪರಿಹಾರಕ್ಕೆ ಹೆಚ್ಚು ಖರ್ಚಿಲ್ಲ. ಬಳಸದ ಪ್ರತಿ ಪೋರ್ಟಿಗೂ ಶಕ್ತಿಯನ್ನು ಹೀರಿ ಬಾಯಿ ಮುಚ್ಚುವ, ಸಾಕಷ್ಟು ವ್ಯಾಟಿನ 50 ಓಮ್ ಟರ್ಮಿನೇಟರ್. ಯುಎಸ್‌ಬಿಗೆ ಫಿಲ್ಟರ್ ಇರುವ ಫೀಡ್‌ಥ್ರೂ ಅಥವಾ ಆಪ್ಟಿಕಲ್ ತಂತಿ. ಕನೆಕ್ಟರುಗಳನ್ನು ಕೈಯಂದಾಜಿನಲ್ಲಿ ತಿರುಗಿಸದೆ ಟಾರ್ಕ್ ವ್ರೆಂಚ್: ಎಸ್‌ಎಂಎ ಎಂಬ ಚಿಕ್ಕ ಕನೆಕ್ಟರ್ ಹಿತ್ತಾಳೆಯದಾದರೆ ಸುಮಾರು 0.56 ನ್ಯೂಟನ್ ಮೀಟರ್, ಸ್ಟೇನ್‌ಲೆಸ್ ಆದರೆ ಸುಮಾರು 1. ಕೊನೆಗೆ ಒಂದು ನಿಮಿಷದ ತಪಾಸಣೆ. ಎಲ್ಲ ಜೋಡಿಸಿ, ರೇಡಿಯೊ ಪೂರ್ತಿ ಶಕ್ತಿಯಲ್ಲಿರುವಾಗ, ಫೋನಿನ ಪೆಟ್ಟಿಗೆಗೆ ಹೋಗುವ ಕೇಬಲ್ಲನ್ನು ಕಳಚಿ ಎರಡೂ ತುದಿಗೆ ಟರ್ಮಿನೇಟರ್ ಹಾಕಿ. ಆಗಲೂ ಫೋನಿಗೆ ಸೆಲ್ ಕಾಣುತ್ತಿದ್ದರೆ ಆ ದಿನ ಅಳತೆ ತೆಗೆಯಬಾರದು. ಇದರ ಫಲಿತಾಂಶವನ್ನು ಪ್ರತಿ ವರದಿಯ ಮೊದಲ ಪುಟದಲ್ಲೇ ಕೇಳುವ ಗ್ರಾಹಕರಿದ್ದರೆ ಲ್ಯಾಬುಗಳ ಶಿಸ್ತು ತಾನೇ ಸುಧಾರಿಸುತ್ತದೆ.

ಕೇಬಲ್ ಪರೀಕ್ಷೆಗೂ ಒಂದು ಮಿತಿ ಇದೆ. 64 ಆಂಟೆನಾಗಳ ಮ್ಯಾಸಿವ್ ಮೈಮೊ ಪೆಟ್ಟಿಗೆಯಲ್ಲಿ, ಮಿಲಿಮೀಟರ್ ಅಲೆಯ ರೇಡಿಯೊದಲ್ಲಂತೂ ಖಂಡಿತ, ಕೇಬಲ್ ಸಿಕ್ಕಿಸಲು ಪೋರ್ಟೇ ಇರುವುದಿಲ್ಲ. ಅವನ್ನು ಪ್ರತಿಧ್ವನಿ ಇಲ್ಲದ ಕೋಣೆಯಲ್ಲಿ ಗಾಳಿಯ ಮೂಲಕವೇ ಅಳೆಯಬೇಕು. ಅಲ್ಲಿ ಮುಖ್ಯವಾಗಿ ನೋಡುವ ಸಂಖ್ಯೆ ಇವಿಎಂ, ಅಂದರೆ ಕಳಿಸಬೇಕಾದ ಸಂಕೇತಕ್ಕೂ ಕಳಿಸಿದ್ದಕ್ಕೂ ಇರುವ ವ್ಯತ್ಯಾಸ. ಸಂಕೇತ ಒಂದಕ್ಕೆ 8 ಬಿಟ್ ತುಂಬುವ 256 ಕ್ವಾಮ್‌ಗೆ ಇದು 3.5 ಶೇಕಡ ಮೀರಬಾರದು. 2 ಬಿಟ್ ತುಂಬುವ ಕ್ಯೂಪಿಎಸ್‌ಕೆಗೆ 17.5 ಶೇಕಡದವರೆಗೆ ಮಾಫಿ. ಧ್ವನಿ ಕರೆಗೆ ಬೇಕಾದ್ದು ಸೆಕೆಂಡಿಗೆ ಕೆಲವು ಹತ್ತು ಕಿಲೋಬಿಟ್ ಮಾತ್ರ, ಅದು ಕ್ಯೂಪಿಎಸ್‌ಕೆಯಲ್ಲೇ ಮುಗಿಯುತ್ತದೆ. ಅದೇ 100 ಮೆಗಾಹರ್ಟ್ಸ್‌ನಲ್ಲಿ 4 ಪದರ, 256 ಕ್ವಾಮ್, ಮುಕ್ಕಾಲು ಪಾಲು ಸಮಯ ಡೌನ್‌ಲೋಡಿಗೆ ಎಂದರೆ ಸಿಗಬೇಕಾದ್ದು ಸುಮಾರು 1.7 ಗಿಗಾಬಿಟ್. ಐದು ಪಟ್ಟು ಕೊಳಕು ಸಂಕೇತ ಹೊರಡಿಸುವ ರೇಡಿಯೊ ಕೂಡ ಸಚಿವರ ಕರೆಯನ್ನು ಚೆನ್ನಾಗಿಯೇ ಜೋಡಿಸಿಕೊಡುತ್ತದೆ!

ಫೋನಿನ ಕಡೆಯ ತಾಪತ್ರಯಗಳನ್ನು ಬೇಗ ಹೇಳಿ ಮುಗಿಸಬಹುದು. ಪರೀಕ್ಷಾ ಜಾಲಕ್ಕೆ ಮೀಸಲಾದ ಸಂಖ್ಯೆ 001-01. ಅಂಗಡಿಯಲ್ಲಿ ಕೊಂಡ ಅನೇಕ ಫೋನುಗಳು ಗೊತ್ತಿರುವ ಆಪರೇಟರುಗಳ ಪಟ್ಟಿಯಲ್ಲಿಲ್ಲದ ಜಾಲದಲ್ಲಿ ಸ್ವತಂತ್ರ (4ಜಿಯ ಆಸರೆಯಿಲ್ಲದ) 5ಜಿಯನ್ನು ತೆರೆಯುವುದೇ ಇಲ್ಲ. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದಾಗ ಐಫೋನ್‌ಗಳು ಡಿಸೆಂಬರ್‌ನ ಅಪ್‌ಡೇಟ್‌ವರೆಗೆ ಕಾದದ್ದು ಇದೇ ಬಗೆಯ ಕಾರಣಕ್ಕೆ. ಹಾಗಾಗಿ ಲ್ಯಾಬಿನಲ್ಲಿ ಪರೀಕ್ಷಾ ಮೋಡೆಮ್ ಒಂದು ಇರಲೇಬೇಕು. ಸಿಮ್‌ನಲ್ಲಿ ಬರೆದ ರಹಸ್ಯ ಕೀ ಮತ್ತು ಕೋರ್‌ನಲ್ಲಿರುವ ಕೀ ಒಂದಕ್ಷರ ತಪ್ಪಿದರೂ ನೋಂದಣಿ ತಿರಸ್ಕೃತ. ಆಮೇಲೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ಫೋನಿನ ಪ್ರತಿ ಪ್ಯಾಕೆಟ್ಟಿಗೂ ರೇಡಿಯೊ ಜಾಲ ಮತ್ತು ಕೋರ್ ನಡುವೆ ಸುಮಾರು 44 ಬೈಟಿನ ಹೊರಕವಚ ಸೇರುತ್ತದೆ. ನಡುವಿನ ಸ್ವಿಚ್ಚು 1500 ಬೈಟಿಗೆ ನಿಂತಿದ್ದರೆ ದೊಡ್ಡ ಪ್ಯಾಕೆಟ್ಟುಗಳು ಒಡೆಯುತ್ತವೆ, ವೇಗ ಪಾತಾಳಕ್ಕೆ. ಸಂಪರ್ಕ ಇದೆಯೇ ಎಂದು ನೋಡಲು ಕಳಿಸುವ ಪಿಂಗ್ ಪ್ಯಾಕೆಟ್ ಚಿಕ್ಕದು, ಆದ್ದರಿಂದ ಪಿಂಗ್ ಸರಿಯಿರುತ್ತದೆ. ಎಲ್ಲರೂ ರೇಡಿಯೊವನ್ನು ಬೈಯುತ್ತ ಕೂರುತ್ತಾರೆ. ಫೋನಿಗೆ 1456 ಕೊಡಿ, ಇಲ್ಲವೇ ಸ್ವಿಚ್ಚುಗಳಲ್ಲಿ ದೊಡ್ಡ ಫ್ರೇಮ್ ತೆರೆಯಿರಿ.

ಬಯಲಿಗೆ ಬಂದಾಗ

26 ಗಿಗಾಹರ್ಟ್ಸ್ ಪಟ್ಟಿಯನ್ನೂ ಸರ್ಕಾರ 2022ರಲ್ಲಿ ಹರಾಜು ಹಾಕಿದೆ. 3.5 ಗಿಗಾಹರ್ಟ್ಸ್‌ಗೆ ಹೋಲಿಸಿದರೆ ಅಲ್ಲಿ ಅದೇ ದೂರಕ್ಕೆ 17 ಡಿಬಿ ಹೆಚ್ಚು ನಷ್ಟ. ನಮ್ಮ ಮಳೆಯ ಬಗ್ಗೆ ಹೆದರಿಸುವವರು ಬಹಳ. ಗಂಟೆಗೆ 50 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಈ ಆವರ್ತನ ಕಿಲೋಮೀಟರಿಗೆ 8 ಡಿಬಿ ಕಳೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಇಂಥ ಸೆಲ್ಲುಗಳ ದೂರ 200 ಮೀಟರ್ ಆಸುಪಾಸು, ಅಷ್ಟಕ್ಕೆ ನಷ್ಟ ಒಂದೂವರೆ ಡಿಬಿ ಚಿಲ್ಲರೆ. ಅದಕ್ಕಿಂತ ಹೆಚ್ಚು ಗೋಳು ಕೊಡುವುದು ದಾರಿಯಲ್ಲಿ ಒಂದು ದಟ್ಟ ಮರ, ಮತ್ತು ಆಂಟೆನಾ ಮುಚ್ಚಳದ ಮೇಲೆ ನಿಂತ ನೀರಿನ ಪದರ. ಪರೀಕ್ಷಾ ಯೋಜನೆಯಲ್ಲಿ 'ಮಳೆ' ಎಂದು ಒಂದೇ ಸಾಲು ಬರೆಯುವ ಬದಲು ಒದ್ದೆ ಮುಚ್ಚಳ, ಒದ್ದೆ ಎಲೆ, ಬೀಳುತ್ತಿರುವ ಹನಿ ಎಂದು ಮೂರು ಬೇರೆ ಅಳತೆ ಇಡಬೇಕು.

ಹಳ್ಳಿಯ ವಿಚಾರದಲ್ಲಿ ಭಾರತಕ್ಕೆ ತನ್ನದೇ ಒಂದು ವಾದವಿತ್ತು. ಫೈಬರ್ ಬರುವುದು ಗ್ರಾಮ ಪಂಚಾಯಿತಿಯವರೆಗೆ, ಪಂಚಾಯಿತಿಗಳ ನಡುವೆ ಕೆಲವು ಕಿಲೋಮೀಟರ್ ಅಂತರ, ಆದ್ದರಿಂದ ಟವರಿನಿಂದ ಟವರಿಗೆ 6 ಕಿಲೋಮೀಟರ್ ಇರುವ ಸನ್ನಿವೇಶದಲ್ಲೂ 5ಜಿ ನಿಲ್ಲಬೇಕು ಎಂದು ಭಾರತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪರೀಕ್ಷಾ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ರೂಪಿಸಿದ 5ಜಿಐ ಮಾನದಂಡದ ತಿರುಳು ಅಪ್‌ಲಿಂಕ್, ಅಂದರೆ ಫೋನಿನಿಂದ ಟವರಿಗೆ ಹೋಗುವ ಸಂಕೇತ. ಶಿಖರ ಕಡಿಮೆಯಿರುವ ಅಲೆರೂಪ ಬಳಸಿದರೆ ಫೋನಿನ ಆಂಪ್ಲಿಫೈಯರನ್ನು ಅದರ ಮಿತಿಯ ಹತ್ತಿರಕ್ಕೆ ಒತ್ತಬಹುದು, 23 ಡಿಬಿಎಂ ಬದಲು 26ರವರೆಗೆ ಹೊರಡಿಸಬಹುದು. ಐಐಟಿ ಹೈದರಾಬಾದ್ ಇದರ ಹಿಂದಿನ ಮುಖ್ಯ ಬಲ. ಪ್ರತ್ಯೇಕ ಮಾನದಂಡವಾದರೆ ಚಿಪ್ ಯಾರು ಮಾಡುತ್ತಾರೆ ಎಂದು ಆಪರೇಟರುಗಳು ತಕರಾರು ತೆಗೆದರು, ಕೊನೆಗೆ ಅದು ಮೊಬೈಲ್ ಮಾನದಂಡ ರೂಪಿಸುವ ಜಾಗತಿಕ ಒಕ್ಕೂಟ 3ಜಿಪಿಪಿಯ ರಿಲೀಸ್ 17ರೊಳಗೆ, ಅಂದರೆ ಮಾನದಂಡದ 17ನೇ ಆವೃತ್ತಿಯೊಳಗೆ, ಸೇರಿತು. ಸರಿಯಾದ ತೀರ್ಮಾನವೇ. ಆದರೂ 6 ಕಿಲೋಮೀಟರಿನ ಲೆಕ್ಕ ಬಯಲುಸೀಮೆಗೆ ಹೊಂದುವಂತೆ ಮಲೆನಾಡಿಗೆ ಹೊಂದುವುದಿಲ್ಲ. ಹೊಸನಗರ, ಶೃಂಗೇರಿಯ ಕಡೆ ಗುಡ್ಡ ಅಡ್ಡ ನಿಂತರೆ ಹಾಗೆ ಗಳಿಸಿದ 3 ಡಿಬಿ ಯಾವ ಲೆಕ್ಕಕ್ಕೂ ಇಲ್ಲ. ಚೆನ್ನೈನ ಚಪ್ಪಟೆ ನೆಲದಲ್ಲಿ ತೆಗೆದ ಬಯಲು ಅಳತೆಯನ್ನು ಪಶ್ಚಿಮ ಘಟ್ಟಕ್ಕೆ ಹಾಗೇ ಹೊಂದಿಸುವುದು ತಪ್ಪು. ಅಲ್ಲಿಗೆ ಬೇಕಾದ ಚಾನೆಲ್ ದಾಖಲೆಗಳನ್ನು ಅಲ್ಲೇ ಹೋಗಿ ತೆಗೆದು ಎಮ್ಯುಲೇಟರಿಗೆ ತುಂಬಬೇಕು.

ಲ್ಯಾಬಿನಿಂದ ಹೊರಗೆ ರೇಡಿಯೊ ಹಚ್ಚುವ ಮುನ್ನ ಪರವಾನಗಿಯ ಪ್ರಶ್ನೆಯೂ ಇದೆ. ಸಂಕೇತ ಹೊರಸೂಸದ ಪರೀಕ್ಷೆಗೆ ಒಂದು ಬಗೆಯ ಪ್ರಾಯೋಗಿಕ ಪರವಾನಗಿ, ಹೊರಸೂಸುವುದಕ್ಕೆ ಇನ್ನೊಂದು. ಅರ್ಜಿ ಹಾಕುವುದು ಇಲಾಖೆಯ ಸರಳ್ ಸಂಚಾರ್ ಪೋರ್ಟಲಿನಲ್ಲಿ. 3.3 ಗಿಗಾಹರ್ಟ್ಸ್ ಪಟ್ಟಿ ಈಗ ಆಪರೇಟರುಗಳ ಕೈಯಲ್ಲಿರುವುದರಿಂದ ಕ್ಯಾಂಪಸ್ ಪರೀಕ್ಷೆ ಅವರ ಜಾಲಕ್ಕೆ ತೊಂದರೆ ಕೊಡದಂತೆ ಹೊಂದಿಸಿಕೊಳ್ಳಬೇಕು.

ಯಾರಿಗಾಗಿ ಈ ಲ್ಯಾಬ್

ಮೂರು ಬಗೆಯ ಲ್ಯಾಬುಗಳನ್ನು ಸುದ್ದಿಗಳು ಒಂದೇ ಎಂಬಂತೆ ಬರೆಯುತ್ತವೆ. 2023ರ ಅಕ್ಟೋಬರ್‌ನಲ್ಲಿ ದೇಶದ ಕಾಲೇಜುಗಳಿಗೆ ಹಂಚಿದ 100 5ಜಿ ಲ್ಯಾಬುಗಳು ಬಳಕೆಯ ಪ್ರಯೋಗಕ್ಕೆ: 5ಜಿ ಇದೆ ಎಂದುಕೊಂಡು ಅದರ ಮೇಲೆ ಕೃಷಿಗೋ ಆರೋಗ್ಯಕ್ಕೋ ಒಂದು ಅಪ್ಲಿಕೇಷನ್ ಕಟ್ಟಿ ನೋಡುವುದು. ಟೆಸ್ಟ್‌ಬೆಡ್ ಇರುವುದು 5ಜಿ ಉಪಕರಣವನ್ನೇ ಬಿಚ್ಚಿ ನೋಡುವುದಕ್ಕೆ. ಮೂರನೆಯದು ಪ್ರಮಾಣಪತ್ರ. ಮಾರಾಟಕ್ಕೆ ಬೇಕಾದ ಕಡ್ಡಾಯ ಪರೀಕ್ಷೆಯ ವ್ಯವಸ್ಥೆ ದೂರಸಂಪರ್ಕ ಎಂಜಿನಿಯರಿಂಗ್ ಕೇಂದ್ರದ್ದು, ಭದ್ರತಾ ಪ್ರಮಾಣಪತ್ರದ ವ್ಯವಸ್ಥೆ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರದ್ದು. ಟೆಸ್ಟ್‌ಬೆಡ್‌ನಲ್ಲಿ ಪಾಸಾದ ಮಾತ್ರಕ್ಕೆ ಇವೆರಡರಿಂದ ವಿನಾಯಿತಿ ಇಲ್ಲ. ಸ್ಟಾರ್ಟಪ್ಪುಗಳ ವೇಳಾಪಟ್ಟಿ ಎಡವುವುದು ಹೆಚ್ಚಾಗಿ ಇಲ್ಲೇ. ಟೆಸ್ಟ್‌ಬೆಡ್ ವರದಿ ಕೈಗೆ ಬಂದ ದಿನ ಅರ್ಧ ದಾರಿ ಆಯಿತು ಎಂದು ತಿಳಿಯಬೇಕು, ಅವರು ಊರು ಬಂತು ಎಂದುಕೊಳ್ಳುತ್ತಾರೆ.

ಸರ್ಕಾರ ಮಾನ್ಯತೆ ಪಡೆದ ಸ್ಟಾರ್ಟಪ್ ಮತ್ತು ಸಣ್ಣ ಉದ್ಯಮಗಳಿಗೆ ಆರಂಭದಲ್ಲಿ ಉಚಿತ ಬಳಕೆ ಕೊಟ್ಟಿತು, ಉಳಿದವರಿಗೆ ಅಲ್ಪ ದರ. ಒಳ್ಳೆಯ ನಡೆಯೇ, ಆದರೆ ಬಳಕೆದಾರರ ಶುಲ್ಕದಿಂದ ಇಂಥ ಲ್ಯಾಬ್ ಬದುಕುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಉಪಕರಣಗಳ ಕ್ಯಾಲಿಬ್ರೇಷನ್, ತಂತ್ರಾಂಶ ಪರವಾನಗಿಯ ನವೀಕರಣ, ಸುಟ್ಟುಹೋದ ಒಳಹರಿವು ಭಾಗದ ರಿಪೇರಿ, ಇದಕ್ಕೆಲ್ಲ ವರ್ಷ ವರ್ಷವೂ ಹಣ ಬೇಕು. ಮಂಜೂರಾತಿ ಸಿಗುವುದು ಕೊಳ್ಳುವುದಕ್ಕೆ, ಒಂದೇ ಸಲ. 2018ರಲ್ಲಿ ಯೋಜನೆ ಮಂಜೂರಾದಾಗ ಜಗತ್ತು ರಿಲೀಸ್ 15ರಲ್ಲಿತ್ತು, ಉದ್ಘಾಟನೆಯ ವರ್ಷ ರಿಲೀಸ್ 17 ಮುಗಿಯಿತು, 2024ಕ್ಕೆ 18. ಪ್ರತಿ ರಿಲೀಸಿಗೂ ಫೋನುಗಳಂತೆ ನಟಿಸುವ ಫೋನ್ ಎಮ್ಯುಲೇಟರಿನ ಹೊಸ ಪರವಾನಗಿ ಕೊಳ್ಳದಿದ್ದರೆ ಲ್ಯಾಬು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಪರೀಕ್ಷೆ ನಡೆಸಿದಂತೆ. ಇದಕ್ಕಿಂತ ಕಠಿಣವಾದದ್ದು ಜನ. ಆ ಫ್ರಂಟ್‌ಹಾಲ್ ಕೌಂಟರುಗಳನ್ನು ನೋಡಿದ ಕೂಡಲೇ ಕಾರಣ ಹೇಳಬಲ್ಲ ಎಂಜಿನಿಯರು ತಯಾರಾಗಲು ಎರಡು ಮೂರು ವರ್ಷ ಬೇಕು. ಯೋಜನೆಯ ಗುತ್ತಿಗೆ ಸಂಬಳದಲ್ಲಿ ಅವರನ್ನು ಹಿಡಿದಿಡುವುದು ಕಷ್ಟ, ಬೆಂಗಳೂರಿನ ಕಂಪನಿಗಳು ಕಾದು ಕುಳಿತಿರುತ್ತವೆ. ಪರೀಕ್ಷಾ ಕ್ರಮಗಳನ್ನು ಸ್ಕ್ರಿಪ್ಟ್ ಆಗಿ ಬರೆದಿಟ್ಟು, ಪ್ರತಿ ಬದಲಾವಣೆಯನ್ನೂ ದಾಖಲಿಸಿ, ಒಂದು ಉಲ್ಲೇಖ ರೇಡಿಯೊವನ್ನು ವಾರಕ್ಕೊಮ್ಮೆ ಅದೇ ಪರೀಕ್ಷೆಗೆ ಒಡ್ಡಿ ಅಳತೆ ಜಾರಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಲ್ಯಾಬ್, ಜನ ಬದಲಾದರೂ ಉಳಿದುಕೊಳ್ಳುತ್ತದೆ.

ಮುಂದಿನ ಸುತ್ತು ಶುರುವಾಗಿಯೇ ಇದೆ. 2023ರ ಮಾರ್ಚ್ 22ರಂದು ಭಾರತ್ 6ಜಿ ದೃಷ್ಟಿ ದಾಖಲೆಯ ಜೊತೆಗೆ 6ಜಿ ಟೆಸ್ಟ್‌ಬೆಡ್ಡನ್ನೂ ಉದ್ಘಾಟಿಸಲಾಯಿತು. 3ಜಿಪಿಪಿಯಲ್ಲಿ 6ಜಿ ಅಧ್ಯಯನ ರಿಲೀಸ್ 20ರಲ್ಲಿ, ನಿಯಮಗಳು ರಿಲೀಸ್ 21ರಲ್ಲಿ. 2027ರ ವಿಶ್ವ ರೇಡಿಯೊ ಸಮ್ಮೇಳನ ಪರಿಶೀಲಿಸಲಿರುವ ಪಟ್ಟಿಗಳು 4.4ರಿಂದ 4.8, 7.125ರಿಂದ 8.4, ಮತ್ತು 14.8ರಿಂದ 15.35 ಗಿಗಾಹರ್ಟ್ಸ್. 5ಜಿಗೆಂದು ಕೊಂಡ ಸಿಗ್ನಲ್ ಜನರೇಟರುಗಳಲ್ಲಿ 6 ಗಿಗಾಹರ್ಟ್ಸ್‌ಗೇ ನಿಲ್ಲುವಂಥವು ಎಷ್ಟೋ ಇವೆ. ಅವನ್ನು ಬದಲಿಸಬಹುದು, ಕೋಣೆಯನ್ನು ಬದಲಿಸುವುದು ಅಷ್ಟು ಸುಲಭವಲ್ಲ. ಆಂಟೆನಾದ ಅಗಲದ ವರ್ಗವನ್ನು ಎರಡರಿಂದ ಗುಣಿಸಿ ಅಲೆಯ ಉದ್ದದಿಂದ ಭಾಗಿಸಿದರೆ, ಅಳತೆ ತೆಗೆಯಲು ಎಷ್ಟು ದೂರ ನಿಲ್ಲಬೇಕು ಎಂದು ಗೊತ್ತಾಗುತ್ತದೆ. 70 ಸೆಂಟಿಮೀಟರ್ ಸರಣಿಗೆ 3.5 ಗಿಗಾಹರ್ಟ್ಸ್‌ನಲ್ಲಿ ಅದು 11 ಮೀಟರ್ ಚಿಲ್ಲರೆ. ಅದೇ ಗಾತ್ರದ ಸರಣಿಗೆ 7.5 ಗಿಗಾಹರ್ಟ್ಸ್‌ನಲ್ಲಿ 24 ಮೀಟರ್ ದಾಟುತ್ತದೆ. ಅಷ್ಟು ಉದ್ದದ ಹೀರುಗೋಡೆಯ ಕೋಣೆ ರಿಸರ್ಚ್ ಪಾರ್ಕಿನ ಮಹಡಿಯಲ್ಲಿ ಹಿಡಿಸುವುದು ಕಷ್ಟ. ದೊಡ್ಡ ಬಾಗಿದ ಪ್ರತಿಫಲಕ ಇಟ್ಟು ದೂರವನ್ನು ಕುಗ್ಗಿಸುವ ಕಾಂಪ್ಯಾಕ್ಟ್ ರೇಂಜೇ ಗತಿ. ಆ ಪ್ರತಿಫಲಕದ ಮೇಲ್ಮೈ 15 ಗಿಗಾಹರ್ಟ್ಸ್‌ಗೂ ಸಾಕಾಗುವಷ್ಟು ನುಣುಪಾಗಿರಬೇಕು ಎಂಬ ಸಾಲನ್ನು ಟೆಂಡರಿನಲ್ಲಿ ಈಗಲೇ ಸೇರಿಸದಿದ್ದರೆ, ಅದೇ ಕೋಣೆಗೆ ಮೂರು ವರ್ಷದಲ್ಲಿ ಎರಡನೇ ಸಲ ಹಣ ಕೇಳಬೇಕಾಗುತ್ತದೆ.